ಬರೀ ನೀರು ಕುಡಿದ ಇಲಿಗಳು

ನಾನು ಇಲಿಗಳನ್ನು ಕೊಂದಿದ್ದೇನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮದುವೆ ಮನೆಗಳಲ್ಲಿ ಪಕ್ಕದಲ್ಲಿ ಊಟಕ್ಕೆ ಕೂತವರು ನನ್ನ ಕೆಲಸ ಏನೆಂದು ಕೇಳುತ್ತಾರೆ, ನಾನು ಹೇಳುತ್ತೇನೆ, ಅವರು ಒಂದು ಗೇಣು ಆಚೆ ಸರಿದು "ಅಯ್ಯೋ ಪಾಪ" ಎನ್ನುತ್ತಾರೆ. ಹಾಗೆನ್ನುವವರು ಸಾಮಾನ್ಯವಾಗಿ ರೇಷ್ಮೆ ಸೀರೆ ಉಟ್ಟಿರುತ್ತಾರೆ. ನಮ್ಮದು ಚನ್ನಪಟ್ಟಣ ತಾಲ್ಲೂಕು, ವಿರೂಪಾಕ್ಷಿಪುರದ ಕಡೆ, ಹುಳ ಸಾಕಿದ ಮನೆ. ಒಂದು ಸೀರೆಗೆ ಎಷ್ಟು ಗೂಡು ಬಿಸಿನೀರಿಗೆ ಬೀಳುತ್ತದೆ, ಆ ಗೂಡಿನೊಳಗೆ ಏನಿರುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದ್ದರಿಂದ ಅವರ ಸೀರೆಯ ಅಂಚು ನೋಡಿ, ಚೆನ್ನಾಗಿದೆ ಎಂದು ಹೇಳಿ, ಪಾಯಸ ಬಡಿಸಿಕೊಳ್ಳುತ್ತೇನೆ.

ಪಾಪ ಇಲ್ಲವೆಂದು ನಾನು ವಾದ ಮಾಡುವುದಿಲ್ಲ. ಕೊಂದ ಮೇಲೆ ಸುಳ್ಳು ಬರೆದರೆ ಅದು ಕೊಂದದ್ದಕ್ಕಿಂತ ದೊಡ್ಡ ಪಾಪ ಎನ್ನುತ್ತೇನೆ, ಅಷ್ಟೇ. ಎಂ.ಫಾರ್ಮ್ ಓದುವಾಗ ನನ್ನ ಸೋದರತ್ತೆಯ ಸೊಪ್ಪಿನ ಔಷಧಿಯನ್ನು ಇಲಿಗಳ ಮೇಲೆ ಪರೀಕ್ಷೆ ಮಾಡಲು ಹೋಗಿ, ನಾನೇ ಒಂದು ದೊಡ್ಡ ತಪ್ಪು ಮಾಡಿ ಕಲಿತ ಪಾಠ ಇದು.

ಅತ್ತೆ ನಮ್ಮಪ್ಪನ ಅಕ್ಕ. ಗಂಡ ಬೇಗ ತೀರಿಕೊಂಡ ಮೇಲೆ ತವರಿಗೆ ಬಂದು ನೆಲೆಸಿದವಳು. ನನ್ನನ್ನು ಓದಿಸಬೇಕೆಂದು ಅಪ್ಪನ ಹತ್ತಿರ ವರ್ಷಗಟ್ಟಲೆ ಜಗಳವಾಡಿದವಳು. ಹೊಟ್ಟೆಯ ಹುಣ್ಣಿಗೆ ಔಷಧಿ ಕೊಡುವ ವಿದ್ಯೆ ಅವಳಿಗೆ ಗಂಡನ ಮನೆಯ ಹಿರಿಯಳೊಬ್ಬಳಿಂದ ಬಂದಿತ್ತು. ಭಾನುವಾರ ಬೆಳಿಗ್ಗೆ, ಬಾಯಿಗೆ ಹನಿ ನೀರೂ ಹಾಕದೆ, ಜನ ನಮ್ಮ ಜಗಲಿಗೆ ಬಂದು ಕೂರುತ್ತಿದ್ದರು. ಬೈರಾಪಟ್ಟಣದಿಂದ ಬರುತ್ತಿದ್ದರು, ರಾಮನಗರದಿಂದ ಬರುತ್ತಿದ್ದರು, ಮಾಗಡಿಯಿಂದ ಎರಡು ಬಸ್ಸು ಹತ್ತಿ ಇಳಿದು ಬರುವವರೂ ಇದ್ದರು. ಅತ್ತೆ ಒಬ್ಬೊಬ್ಬರನ್ನೇ ಪೂರ್ವಕ್ಕೆ ಮುಖ ಮಾಡಿ ಕೂರಿಸಿ, ಅಂಗೈಯಲ್ಲಿ ಹಸಿ ಸೊಪ್ಪು ಇಟ್ಟು, "ಮುಟ್ಟಿ ಆಣೆ ಮಾಡು" ಎನ್ನುತ್ತಿದ್ದಳು. ಮೂರು ವಾರ ಪಥ್ಯ. ಖಾರ ಇಲ್ಲ, ಹುಳಿ ಇಲ್ಲ, ಕಾಫಿ ಟೀ ಇಲ್ಲ, ಹೊಗೆಸೊಪ್ಪು ಇಲ್ಲ, ಕುಡಿತ ಇಲ್ಲ, ಮೆಡಿಕಲ್ ಸ್ಟೋರಿನ ನೋವಿನ ಮಾತ್ರೆ ಇಲ್ಲ. ಆಣೆ ಮುಗಿದ ಮೇಲೆ ಅದೇ ಸೊಪ್ಪನ್ನು ಅರೆದು ನಿಂಬೆಹಣ್ಣಿನಷ್ಟು ಉಂಡೆ ಮಾಡಿ ಮಜ್ಜಿಗೆಯಲ್ಲಿ ನುಂಗಿಸುತ್ತಿದ್ದಳು. ಹೀಗೆ ಮೂರು ಭಾನುವಾರ. ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಮಲ ಕಪ್ಪಗೆ ಹೋಗುತ್ತದೆ, ರಕ್ತ ವಾಂತಿಯಾಗುತ್ತದೆ ಎಂದವರನ್ನು ಮಾತ್ರ ಜಗಲಿ ಹತ್ತಿಸುತ್ತಿರಲಿಲ್ಲ. "ಇದು ನನ್ನ ಕೈಲಾಗೋದಲ್ಲ, ದೊಡ್ಡಾಸ್ಪತ್ರೆಗೆ ನಡಿ" ಎಂದು ಅಲ್ಲಿಂದಲೇ ಕಳಿಸಿಬಿಡುತ್ತಿದ್ದಳು.

ಒಂದು ಸಲ ಅವಳ ಹತ್ತಿರ ಔಷಧಿ ತೆಗೆದುಕೊಂಡು ಹೋಗಿದ್ದ ಒಬ್ಬನಿಗೆ ಪೇಟೆಯ ಡಾಕ್ಟರೊಬ್ಬರು "ಮೇಕೆ ತಿನ್ನೋ ಸೊಪ್ಪು ತಿನ್ಕೊಂಡು ಬಂದಿದ್ದೀಯಲ್ಲ, ನೀನು ಮನುಷ್ಯನೋ ಮೇಕೆಯೋ" ಎಂದು ಬೈದರಂತೆ. ಅವನು ಬಂದು ಅತ್ತೆಗೆ ಹೇಳಿದ. ಅತ್ತೆ ಅವತ್ತು ಊಟ ಮಾಡಲಿಲ್ಲ. ಮಾರನೆಯ ದಿನ ನಾನು ಕಾಲೇಜಿಗೆ ಹೊರಟಾಗ ದಾರಿಗೆ ಅಡ್ಡ ನಿಂತಳು.

"ನೀನ್ ಓದ್ತಿರೋದು ಇದೇ ಅಲ್ವೇನವ್ವ. ನಮ್ ಸೊಪ್ಪು ಹುಣ್ಣು ಮಾಯಿಸ್ತದೆ ಅಂತ ಕಾಗ್ದದ ಮ್ಯಾಲೆ ಬರ್ಕೊಡು. ಆ ಡಾಕ್ಟರ್ ಮಖಕ್ಕೆ ಹಿಡಿಯವ."

ಅಷ್ಟು ಹೇಳಿ ನನ್ನ ಕಿವಿಯಲ್ಲಿ ಸೊಪ್ಪಿನ ಹೆಸರು ಹೇಳಿದಳು. ಅದು ಅವಳು ಮಾಡಿದ ದೊಡ್ಡ ಕೆಲಸ. ಹೆಸರು ಬಾಯಿಬಿಟ್ಟರೆ ಗುಣ ಹೊರಟುಹೋಗುತ್ತದೆ ಎಂದು ಕಲಿಸಿಕೊಟ್ಟ ಹಿರಿಯಳು ಅವಳಿಗೆ ಹೇಳಿದ್ದಳು. ಇಷ್ಟು ವರ್ಷ ಅಪ್ಪನಿಗೂ ಹೇಳದ ಹೆಸರನ್ನು ಅತ್ತೆ ನನ್ನನ್ನು ನಂಬಿ ಹೇಳಿದಳು. ನಾನು ಅದನ್ನು ಇಲ್ಲಿ ಬರೆಯುವುದಿಲ್ಲ. ಕಾರಣ ಮುಂದೆ ತಿಳಿಯುತ್ತದೆ.

ಕಾಲೇಜಿನ ಹೆಸರೂ ಬೇಡ. ಊರಿನಿಂದ ದಿನಾ ಬಸ್ಸಿನಲ್ಲಿ ಹೋಗಿಬರುವಷ್ಟು ದೂರ ಎಂದರೆ ಸಾಕು. ನನ್ನ ಗೈಡ್ ಆಗಿದ್ದ ಸರ್ ಒಳ್ಳೆಯವರೇ, ಆದರೆ ಅವರಿಗೆ ಎಲ್ಲವೂ ಬೇಗ ಮುಗಿಯಬೇಕು. ಸೊಪ್ಪಿನ ವಿಷಯ ಹೇಳಿದ ಕೂಡಲೇ ಒಪ್ಪಿದರು. ಪ್ರಯೋಗವನ್ನೂ ಅವರೇ ಆರಿಸಿದರು. ಇಲಿಗಳನ್ನು ಒಂದು ದಿನ ಉಪವಾಸ ಇಡುವುದು, ಸೊಪ್ಪಿನ ರಸ ಕುಡಿಸುವುದು, ಒಂದು ಗಂಟೆ ಬಿಟ್ಟು ಕಡು ಆಲ್ಕೋಹಾಲ್ ಕುಡಿಸುವುದು, ಇನ್ನೊಂದು ಗಂಟೆಗೆ ಕೊಂದು ಜಠರ ಬಿಚ್ಚಿ ನೋಡುವುದು. ಸೊಪ್ಪು ಕುಡಿಯದ ಇಲಿಯ ಜಠರದ ಒಳಗೋಡೆಯಲ್ಲಿ ಉದ್ದುದ್ದ ಕೆಂಪು ಗೆರೆಗಳು ಎದ್ದಿರುತ್ತವೆ. ಸೊಪ್ಪು ಕುಡಿದ ಇಲಿಯಲ್ಲಿ ಗೆರೆ ಕಡಿಮೆ ಇದ್ದರೆ ಔಷಧಿ ಕೆಲಸ ಮಾಡಿತೆಂದು ಲೆಕ್ಕ. ಎರಡು ದಿನದ ಕೆಲಸ.

"ಸರ್, ಇದರಲ್ಲಿ ಹುಣ್ಣು ವಾಸಿಯಾಗೋದು ಎಲ್ಲಿದೆ?" ಎಂದು ನಾನು ಅವತ್ತೇ ಕೇಳಿದೆ. "ಹುಣ್ಣು ಬರೋಕೆ ಮುಂಚೆನೇ ಔಷಧಿ ಕೊಟ್ಟುಬಿಡ್ತೀವಲ್ಲ."

"ಎಲ್ಲರೂ ಹೀಗೇ ಮಾಡೋದಮ್ಮ" ಎಂದರು. ಎಲ್ಲರೂ ಎಂಬ ಪದಕ್ಕೆ ಆಗ ನಾನು ಹೆದರಿದೆ. ಒಪ್ಪಿಕೊಂಡೆ.

ಇಲ್ಲಿ ನನ್ನ ತಪ್ಪು ಬರುತ್ತದೆ. ಉಪವಾಸದ ಇಲಿಗಳನ್ನು ತಂತಿಬಲೆಯ ತಳವಿರುವ ಪಂಜರದಲ್ಲಿ ಇಡಬೇಕು. ಕೆಳಗೆ ಹೊಟ್ಟು, ಹುಲ್ಲು ಏನೂ ಇರಬಾರದು. ಹಸಿದ ಇಲಿ ಹಾಸಿದ್ದನ್ನೇ ತಿನ್ನುತ್ತದೆ, ತನ್ನ ಹಿಕ್ಕೆಯನ್ನೂ ತಿನ್ನುತ್ತದೆ. ಇದನ್ನು ನನಗೆ ಹೇಳಿದ್ದರು. ಆದರೆ ನಾನು ಹುಳದ ಮನೆಯಲ್ಲಿ ಬೆಳೆದವಳು. ರೇಷ್ಮೆ ಹುಳ ಪೊರೆ ಕಳಚುವ ಮುಂಚೆ ಮೇವು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಕೂರುತ್ತದೆ. ಅದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳಕ್ಕೆ ಎಲೆ ಹಾಕಬಾರದು, ಆದರೆ ಅದರ ಹಾಸು ಒಣಗಿರಬೇಕು, ಹಿತವಾಗಿರಬೇಕು. ಹಾಸಿನಲ್ಲಿ ತೇವ ಇದ್ದರೆ ಬೆಳೆಯೇ ಹೋಯಿತು. ಉಪವಾಸ ಕೂತ ಜೀವಕ್ಕೆ ಮೊದಲು ಹಾಸು ಎಂದು ಅತ್ತೆ ನನ್ನ ಕೈಗೆ ಕಲಿಸಿದ್ದಳು. ತಲೆಗೆ ಯಾರು ಏನು ಹೇಳಿದರೂ ಕೈ ತನಗೆ ಗೊತ್ತಿದ್ದದ್ದನ್ನೇ ಮಾಡಿತು.

ಬರಿಯ ತಂತಿಯ ಮೇಲೆ ಕಾಲು ಸಿಕ್ಕಿಸಿಕೊಂಡು ಕೂತ ಆ ಬಿಳಿ ಇಲಿಗಳನ್ನು ನೋಡಿ ನನಗೆ ಸಹಿಸಲಾಗಲಿಲ್ಲ. ಅವತ್ತೇ ಬಸ್ಸು ಹತ್ತಿ ಮನೆಗೆ ಹೋಗಿ ಒಂದು ಸಣ್ಣ ಕಟ್ಟು ರಾಗಿ ಹುಲ್ಲು ತಂದೆ. ಚೆನ್ನಾಗಿ ಒಣಗಿದ, ಮೆತ್ತನೆಯ ಹುಲ್ಲು. ಎಲ್ಲ ಪಂಜರಕ್ಕೂ ಸಾಲುವಷ್ಟು ಇರಲಿಲ್ಲ. ಅತ್ತೆಯ ಸೊಪ್ಪು ಕುಡಿಯಬೇಕಾಗಿದ್ದ ಇಲಿಗಳಿಗೆ ಮಾತ್ರ ಹಾಸಿದೆ. ಅವು ನಮ್ಮವು ಅನ್ನಿಸಿತ್ತು. ಉಳಿದವು ತಂತಿಯ ಮೇಲೇ ಕೂತಿದ್ದವು. ಬೆಳಿಗ್ಗೆ ಬೇಗ ಹೋಗಿ ಉಳಿದ ಹುಲ್ಲನ್ನು ಎತ್ತಿ ಹೊರಗೆ ಎಸೆದೆ. ಹಾಸಿದಷ್ಟು ಹುಲ್ಲು ವಾಪಸು ಬರಲಿಲ್ಲ ಎಂಬುದನ್ನು ನಾನು ಗಮನಿಸಬೇಕಾಗಿತ್ತು. ಗಮನಿಸಲಿಲ್ಲ.

ಅವತ್ತು ಜಠರಗಳನ್ನು ಸರ್ ತಾವೇ ಬಿಚ್ಚಿ ತೊಳೆದರು. ನನ್ನದು ಇಲಿಗಳನ್ನು ತಂದುಕೊಡುವ ಕೆಲಸ. ಕೊನೆಗೆ ಮೇಣದ ಹಲಗೆಯ ಮೇಲೆ ಸೂಜಿ ಚುಚ್ಚಿ ಸಾಲಾಗಿ ಹರಡಿದ್ದರು. ಸೊಪ್ಪು ಕುಡಿಯದವುಗಳಲ್ಲಿ ಕೆಂಪು ಗೆರೆಗಳು ಗೀರಿದಂತೆ ಎದ್ದು ನಿಂತಿದ್ದವು. ಸೊಪ್ಪು ಕುಡಿದವು ತೆಳು ಗುಲಾಬಿ, ಒಂದು ಕಲೆ ಇಲ್ಲ. ಸರ್ ನನ್ನ ಬೆನ್ನು ತಟ್ಟಿದರು. ನಾನು ವರಾಂಡಕ್ಕೆ ಓಡಿ ಅತ್ತೆಗೆ ಫೋನು ಮಾಡಿದೆ.

"ನಂಗೊತ್ತಿತ್ತು ಕಣವ್ವ" ಎಂದಳು. ಆಮೇಲೆ ಮೂಗು ಸೀಟಿಕೊಂಡ ಸದ್ದು ಕೇಳಿಸಿತು.

ಫೋನು ಇಟ್ಟು ಬಂದು ಪಾತ್ರೆ ತೊಳೆಯಲು ನಿಂತೆ. ಜಠರದ ಒಳಗಿನದನ್ನು ತೊಳೆದು ಸುರಿದ ನೀರು ಒಂದು ಜರಡಿಯ ಮೂಲಕ ಹೋಗಿತ್ತು. ಆ ಜರಡಿಯಲ್ಲಿ ಅರೆಜಗಿದ ಹುಲ್ಲಿನ ಚೂರುಗಳಿದ್ದವು. ಅದರ ನಡುವೆ ರಾಗಿ ಕಾಳುಗಳಿದ್ದವು. ಬಡಿದರೂ ತೆನೆಯಲ್ಲಿ ಅಷ್ಟೋ ಇಷ್ಟೋ ಕಾಳು ಉಳಿದೇ ಇರುತ್ತದೆ, ನಮ್ಮ ಹುಲ್ಲಿನಲ್ಲೂ ಉಳಿದಿತ್ತು. ನನ್ನ ಇಲಿಗಳು ಉಪವಾಸವೇ ಇರಲಿಲ್ಲ. ಅವು ಹೊಟ್ಟೆ ತುಂಬ ತಿಂದಿದ್ದವು. ತುಂಬಿದ ಹೊಟ್ಟೆಗೆ ಆಲ್ಕೋಹಾಲ್ ಬಿದ್ದರೆ ಅಷ್ಟು ಸುಡುವುದಿಲ್ಲ. ಅವುಗಳನ್ನು ಕಾಪಾಡಿದ್ದು ಅತ್ತೆಯ ಸೊಪ್ಪಲ್ಲ, ನಮ್ಮ ಹೊಲದ ರಾಗಿ.

ಜರಡಿಯನ್ನು ನಲ್ಲಿಯ ಕೆಳಗೆ ಹಿಡಿದು ತಿರುಗಿಸಿದ್ದರೆ ಮುಗಿದುಹೋಗುತ್ತಿತ್ತು. ಹಾಗೆ ಮಾಡಬೇಕೆಂದು ಅನ್ನಿಸಿತು ಎನ್ನುವುದನ್ನು ಮುಚ್ಚಿಡುವುದಿಲ್ಲ. ಕಾಳುಗಳನ್ನು ಒಂದು ಕಾಗದದಲ್ಲಿ ಕಟ್ಟಿ ಬ್ಯಾಗಿನಲ್ಲಿಟ್ಟುಕೊಂಡೆ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತುಬಿಟ್ಟೆ. ಸತ್ತ ಇಲಿಗಳಿಗಾಗಿ ಅತ್ತದ್ದು ಅದೇ ಮೊದಲು, ಏಕೆಂದರೆ ಅವು ವ್ಯರ್ಥವಾಗಿ ಸತ್ತಿದ್ದವು.

ಮಾರನೆಯ ದಿನ ಕಾಗದ ಬಿಚ್ಚಿ ಸರ್ ಮುಂದೆ ಇಟ್ಟು, ಹುಲ್ಲು ಹಾಸಿದ್ದನ್ನು ಹೇಳಿದೆ. ಅವರು ಕಾಳುಗಳನ್ನು ನೋಡಿದರು, ನನ್ನನ್ನು ನೋಡಿದರು. "ಜಠರದೊಳಗೆ ಸ್ವಲ್ಪ ಹೊಟ್ಟು ಇತ್ತು, ತೊಳೆದುಬಿಟ್ಟೆ. ನಾನೂ ಯೋಚನೆ ಮಾಡಬೇಕಾಗಿತ್ತು" ಎಂದರು. ಬಯ್ಯಲಿಲ್ಲ. ಮತ್ತೊಮ್ಮೆ ಮಾಡಲು ಹೇಳಿದರು. ಈ ಸಲ ಎಲ್ಲ ಇಲಿಗಳೂ ಬರಿಯ ತಂತಿಯ ಮೇಲೆ ಕೂತವು. ನನ್ನ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ. ಸೊಪ್ಪು ಕುಡಿದವುಗಳಲ್ಲಿ ಗೆರೆಗಳು ಒಂದಿಷ್ಟು ಕಡಿಮೆ ಇದ್ದವು. ಮೊದಲಿನಂತೆ ಮಾಯವಾಗಿರಲಿಲ್ಲ.

"ಸಾಕು" ಎಂದರು ಸರ್. "ಹುಣ್ಣು ಮಾಯಿಸುವ ಗುಣದ ಅಧ್ಯಯನ ಅಂತ ಟೈಟಲ್ ಹಾಕು. ಬರಿಯೋಕೆ ಶುರು ಮಾಡು."

"ಮಾಯಿಸಿದ್ದು ಎಲ್ಲಿ ಸರ್? ಹುಣ್ಣು ಇರೋ ಇಲಿಗೆ ನಾವು ಔಷಧಿನೇ ಕೊಟ್ಟಿಲ್ಲ."

"ಒಂದು ಪದಕ್ಕೆ ಇಷ್ಟು ಹಠ ಯಾಕಮ್ಮ?"

ಆ ಪದಕ್ಕಾಗಿಯೇ ನಮ್ಮ ಜಗಲಿಯಲ್ಲಿ ಜನ ಸಾಲಾಗಿ ಕೂರುತ್ತಿದ್ದರು. ಮೊದಲ ಫೋನಿನ ಸುದ್ದಿಯನ್ನು ಅತ್ತೆ ಆ ಭಾನುವಾರವೇ ಎಲ್ಲರಿಗೂ ಹೇಳಿಬಿಟ್ಟಿದ್ದಳು. "ನಮ್ ಮಗ ಇಲೀಲಿ ನೋಡವ್ಳೆ, ಒಂದು ಕಲೆ ಇಲ್ವಂತೆ" ಎಂದು. ಅದಾದ ಮೇಲೆ ಬರುವವರು ಜಾಸ್ತಿಯಾದರು. ರಾಗಿ ಹುಲ್ಲಿನ ಕಥೆಯನ್ನು ಅವಳಿಗೆ ಹೇಳಲು ನನಗೆ ಇನ್ನೂ ಬಾಯಿ ಬಂದಿರಲಿಲ್ಲ. ಇನ್ನೊಬ್ಬರ ಮುಂದೆ ಹುಲಿಯಾಗುತ್ತಿದ್ದ ನಾನು ಅವಳ ಮುಂದೆ ಬೆಕ್ಕಾಗಿದ್ದೆ.

ಆ ದಿನಗಳಲ್ಲೇ ಒಂದು ಭಾನುವಾರ ಅವಳ ಪಕ್ಕದಲ್ಲಿ ಕೂತು ನೋಡಿದೆ. ಚಿಕ್ಕವಳಿದ್ದಾಗಿನಿಂದ ನೋಡಿದ್ದನ್ನೇ, ಆದರೆ ಈ ಸಲ ಇಲಿಯ ಪಂಜರ ನೋಡುವವಳ ಹಾಗೆ ನೋಡಿದೆ. ರಾಮನಗರದ ರೀಲರ್ ಒಬ್ಬರು ಬಂದಿದ್ದರು. ಗೂಡು ಬೇಯಿಸಿ ನೂಲು ತೆಗೆಯುವ ಕೆಲಸ, ಬೆಳಗಿನಿಂದ ಬಿಸಿನೀರಿನ ಮುಂದೆ ನಿಂತಿರಬೇಕು. ಅತ್ತೆ ಮಾತಾಡುತ್ತಾ ಆಡುತ್ತಾ ಅವರ ಅಂಗಿಯ ಜೇಬಿಗೆ ಕೈ ಹಾಕಿ ಒಂದು ಮಾತ್ರೆ ಪಟ್ಟಿ ಎಳೆದಳು.

"ಇದೇನ್ ಭಾಯಿ?"

"ಸೊಂಟನೋವು ಅಮ್ಮಾ. ಎರಡು ಹಾಕ್ಕಂಡ್ರೆ ಕೆಲ್ಸ ಆಯ್ತದೆ."

"ದಿನಾ?"

"ದಿನಾನೇ ಅಮ್ಮಾ. ಎಷ್ಟು ವರ್ಷ ಆಯ್ತೋ."

"ಇದ ತಿನ್ನೋದಾದ್ರೆ ನನ್ ಸೊಪ್ಪು ಮುಟ್ಬ್ಯಾಡಿ" ಎಂದು ಅತ್ತೆ ಪಟ್ಟಿಯನ್ನು ಪಕ್ಕದಲ್ಲಿದ್ದ ಒಲೆಗೆ ಎಸೆದಳು. ಅವರು ಸ್ವಲ್ಪ ಹೊತ್ತು ಒಲೆಯನ್ನೇ ನೋಡಿದರು. ಆಮೇಲೆ ಸೊಪ್ಪು ಮುಟ್ಟಿ ಆಣೆ ಮಾಡಿದರು.

ನಾನು ಅಲ್ಲೇ ಕೂತಿದ್ದೆ. ನೋವಿನ ಮಾತ್ರೆ ಜಠರದಲ್ಲಿ ಹುಣ್ಣು ಮಾಡುತ್ತದೆ, ಆದ ಹುಣ್ಣನ್ನು ಮಾಯಲು ಬಿಡುವುದಿಲ್ಲ ಎಂಬುದು ನಮ್ಮ ಪಠ್ಯದಲ್ಲೇ ಇತ್ತು. ಇಲಿಗೆ ಅಂಥ ಮಾತ್ರೆಯನ್ನೇ ಕೊಟ್ಟು ಹುಣ್ಣು ಮಾಡುವ ಪದ್ಧತಿಯೂ ಇದೆ. ನಾನು ಅದನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಆದರೂ ಅತ್ತೆಯ ಜಗಲಿಯಲ್ಲಿ ಇಷ್ಟು ವರ್ಷ ಕಣ್ಣೆದುರಿಗೆ ನಡೆಯುತ್ತಿದ್ದದ್ದು ನನಗೆ ಕಂಡಿರಲಿಲ್ಲ. ವಾಸಿ ಮಾಡುತ್ತಿದ್ದದ್ದು ಸೊಪ್ಪೋ, ಪಥ್ಯವೋ? ಇದನ್ನು ತಿಳಿಯದೆ ನಾನು ಏನನ್ನೂ ಬರೆಯುವುದಿಲ್ಲ ಎಂದು ಅಲ್ಲೇ ತೀರ್ಮಾನ ಮಾಡಿದೆ.

ಸರ್ ಹತ್ತಿರ ಹೋಗಿ ಬೇರೆ ಪ್ರಯೋಗ ಬೇಕೆಂದೆ. ಇಲಿಗೆ ಪೂರ್ತಿ ಎಚ್ಚರ ತಪ್ಪಿಸಿ, ಹೊಟ್ಟೆ ಕೊಯ್ದು, ಜಠರದ ಹೊರಮೈ ಮೇಲೆ ಒಂದು ಸಣ್ಣ ಕೊಳವೆ ನಿಲ್ಲಿಸಿ, ಅದರೊಳಗೆ ಸ್ವಲ್ಪ ಹೊತ್ತು ಅಸಿಟಿಕ್ ಆಮ್ಲ ಬಿಟ್ಟು, ತೊಳೆದು, ಹೊಲಿದು ಎಬ್ಬಿಸುವುದು. ನೋವಿಗೆ ಜಠರವನ್ನು ಕೆಡಿಸದ ಬೇರೆ ಔಷಧಿ ಕೊಡುವುದು. ಕೆಲವು ದಿನದಲ್ಲಿ ಒಳಗೆ ಗುಂಡಗೆ, ಆಳವಾಗಿ, ಮನುಷ್ಯರ ಹುಣ್ಣಿನಂಥದೇ ಹುಣ್ಣು ನಿಲ್ಲುತ್ತದೆ. ಅದಾದ ಮೇಲೆ ಔಷಧಿ ಶುರು. ಆಮೇಲೆ ಬೇರೆ ಬೇರೆ ದಿನ ಕೆಲವು ಇಲಿಗಳನ್ನು ತೆಗೆದು ಹುಣ್ಣು ಎಷ್ಟು ಮುಚ್ಚಿದೆ ಎಂದು ಅಳೆಯಬೇಕು. ವಾರಗಟ್ಟಲೆಯ ಕೆಲಸ.

"ಅನುಮತಿ ಅದು ಇದು ಅಂತ ವರ್ಷ ಹೋಗುತ್ತೆ" ಎಂದರು ಸರ್.

"ಹೋಗಲಿ ಸರ್."

"ನಿನ್ನ ಜೊತೆಯವರೆಲ್ಲ ಕೆಲಸಕ್ಕೆ ಸೇರಿರ್ತಾರೆ."

"ಸೇರಲಿ."

"ನಾನು ಸೈನ್ ಹಾಕಲ್ಲ ಅಂದ್ರೆ?"

"ನೀವು ಹಾಕೋವರೆಗೂ ನಿಮ್ಮ ರೂಮಿನ ಮುಂದೆ ಕೂತಿರ್ತೀನಿ ಸರ್. ನಮ್ಮತ್ತೆ ನನ್ನನ್ನ ಓದ್ಸಿರೋದು ಅವಳಿಗೆ ಸುಳ್ಳು ಬರ್ಕೊಡೋದಕ್ಕಲ್ಲ."

ಪ್ರಾಣಿ ಪ್ರಯೋಗಕ್ಕೆ ಅನುಮತಿ ಕೊಡುವ ಸಮಿತಿಯ ಮುಂದೆ ನಿಂತಾಗ ಒಬ್ಬ ಹಿರಿಯರು ಇಷ್ಟು ಪ್ರಾಣಿ ಯಾಕೆ ಬೇಕೆಂದು ಕೇಳಿದರು. ಹಿಂದಿನವು ಏನಾದವು ಎಂದೂ ಕೇಳಿದರು. ಸರ್ ಕೆಮ್ಮಿದರು. ನಾನು ರಾಗಿ ಹುಲ್ಲಿನ ಕಥೆಯನ್ನು ಮೊದಲಿಂದ ಕೊನೆಯವರೆಗೂ ಹೇಳಿದೆ. "ಅವುಗಳು ನನ್ನ ತಪ್ಪಿಗೆ ಸತ್ತವು. ಇವು ಸರಿಯಾದ ಪ್ರಶ್ನೆಗೆ ಸಾಯಬೇಕು. ಒಂದೂ ಹೆಚ್ಚು ಕೇಳ್ತಿಲ್ಲ" ಎಂದೆ. ಯಾರೂ ನಗಲಿಲ್ಲ. ಸ್ವಲ್ಪ ತಿದ್ದಿ ಅನುಮತಿ ಕೊಟ್ಟರು. ಹೊರಗೆ ಬಂದ ಮೇಲೆ ಸರ್ "ನಿನ್ನ ಜೊತೆ ಬದುಕೋದು ಕಷ್ಟಮ್ಮ" ಎಂದರು. ಆದರೆ ಸಹಿ ಹಾಕಿದರು, ಅಷ್ಟೇ ಅಲ್ಲ, ಮೊದಲ ದಿನದ ಶಸ್ತ್ರಚಿಕಿತ್ಸೆಗೆ ತಾವೇ ಬಂದು ನನ್ನ ಎದುರು ನಿಂತು ನನ್ನ ಕೈಗೆ ಹೊಲಿಗೆ ಹಾಕುವುದನ್ನು ಕಲಿಸಿದರು.

ಇಲಿಗಳನ್ನು ನಾಲ್ಕು ಗುಂಪು ಮಾಡಿದ್ದೆ. ಒಂದಕ್ಕೆ ಬರೀ ನೀರು. ಒಂದಕ್ಕೆ ಸೊಪ್ಪು. ಒಂದಕ್ಕೆ ದಿನಾ ನೋವಿನ ಮಾತ್ರೆ. ಇನ್ನೊಂದಕ್ಕೆ ಮಾತ್ರೆಯೂ ಸೊಪ್ಪೂ. ಹಾಸು ಎಲ್ಲಕ್ಕೂ ಒಂದೇ, ಮೇವು ಎಲ್ಲಕ್ಕೂ ಒಂದೇ. ಜಠರ ಬಿಚ್ಚುವಾಗ ಯಾವುದು ಯಾವ ಗುಂಪಿನದೆಂದು ನನಗೆ ತಿಳಿಯಬಾರದೆಂದು ಸಹಪಾಠಿಯೊಬ್ಬಳಿಂದ ಗುರುತಿನ ಚೀಟಿ ಬದಲಿ ಮಾಡಿಸಿದೆ. ನನ್ನ ಕೈಯನ್ನು ನಾನು ನಂಬುತ್ತಿರಲಿಲ್ಲ. ಅದಕ್ಕೆ ಅತ್ತೆಯ ಮೇಲೆ ಪ್ರೀತಿ ಜಾಸ್ತಿ.

ಕೊನೆಯ ದಿನ ಚೀಟಿ ಬಿಚ್ಚಿ ನೋಡಿದೆವು. ಬರೀ ನೀರು ಕುಡಿದ ಇಲಿಗಳ ಹುಣ್ಣು ದಿನದಿನಕ್ಕೂ ಅಂಚಿನಿಂದ ಒಳಕ್ಕೆ ಮುಚ್ಚಿಕೊಂಡು ಬಂದಿತ್ತು. ಸೊಪ್ಪು ಕುಡಿದವುಗಳದೂ ಹಾಗೆಯೇ, ಅಷ್ಟೇ. ಹೆಚ್ಚಿಲ್ಲ, ಕಡಿಮೆಯಿಲ್ಲ. ಮಾತ್ರೆ ತಿಂದವುಗಳ ಹುಣ್ಣು ಬಾಯಿ ತೆರೆದುಕೊಂಡೇ ಇತ್ತು. ಸೊಪ್ಪು ಜೊತೆಗೆ ಕೊಟ್ಟರೂ ಅದೇ.

ಜಠರ ತನ್ನಷ್ಟಕ್ಕೆ ತಾನೇ ವಾಸಿಯಾಗುತ್ತದೆ, ಬಿಟ್ಟರೆ. ಆ ಇಲಿಗಳು ನನಗೆ ಹೇಳಿದ್ದು ಇಷ್ಟು. ಎಲ್ಲವನ್ನೂ ಹೇಳಲಿಲ್ಲ. ಮನುಷ್ಯರಲ್ಲಿ ಹುಣ್ಣಿಗೆ ರೋಗಾಣುವೂ ಕಾರಣ, ಅದಕ್ಕೆ ಬೇರೆ ಔಷಧಿ ಬೇಕು, ನನ್ನ ಇಲಿಗಳಲ್ಲಿ ಆ ರೋಗಾಣು ಇರಲಿಲ್ಲ. ಅತ್ತೆಯ ಹತ್ತಿರ ವಾಸಿಯಾಗಿ ಹೋಗಿ ಆರು ತಿಂಗಳಿಗೆ ಮತ್ತೆ ಹೊಟ್ಟೆ ಹಿಡಿದುಕೊಂಡು ಬರುತ್ತಿದ್ದವರು ಯಾರೆಂದು ನನಗೆ ಆಗ ಹೊಳೆಯಿತು. ಅತ್ತೆ ಅವರನ್ನು ಪಥ್ಯ ಮುರಿದವರೆಂದು ಬಯ್ಯುತ್ತಿದ್ದಳು. ಪಾಪ, ಅವರು ಏನೂ ಮುರಿದಿರಲಿಲ್ಲ.

ಹೇಳಬೇಕಾದ ದಿನ ಬಂತು. ಹಿತ್ತಲಲ್ಲಿ ಅತ್ತೆ ಹುಳ ಗೂಡು ಕಟ್ಟುವ ಚಂದ್ರಿಕೆಯ ತಟ್ಟೆಗಳನ್ನು ಬಿಸಿಲಿಗೆ ಒಣಗಿಸುತ್ತಿದ್ದಳು. ಪಕ್ಕದಲ್ಲಿ ಮೇಕೆ ಕಟ್ಟಿತ್ತು. ನಾನು ರಾಗಿ ಹುಲ್ಲಿನಿಂದ ಶುರು ಮಾಡಿ ನೀರು ಕುಡಿದ ಇಲಿಗಳವರೆಗೂ, ಮನುಷ್ಯರ ಹೊಟ್ಟೆಯ ರೋಗಾಣುವಿನವರೆಗೂ ಒಂದೇ ಉಸಿರಿನಲ್ಲಿ ಹೇಳಿದೆ. ಅವಳು ಕೆಲಸ ನಿಲ್ಲಿಸಲಿಲ್ಲ.

"ಹಂಗಾರೆ ಆ ಡಾಕ್ಟ್ರು ಯೋಳಿದ್ದೇ ಸರಿ ಅನ್ನು."

"ಅಲ್ಲ ಅತ್ತೆ. ಮಾತ್ರೆ ಬಿಡಿಸ್ತೀಯಲ್ಲ, ಅದು ಸರಿ. ಅದನ್ನ ಆ ಡಾಕ್ಟ್ರು ಯಾವತ್ತೂ ಕೇಳ್ನಿಲ್ಲ, ಯಾರ ಜೇಬಿಗೂ ಕೈ ಹಾಕ್ನಿಲ್ಲ. ನಿನ್ನ ಪಥ್ಯ ಕೆಲ್ಸ ಮಾಡ್ತದೆ. ಸೊಪ್ಪು ಮಾಡಕ್ಕಿಲ್ಲ."

"ನಿನ್ ಇಲಿ ಆಣೆ ಮಾಡಿದ್ವೇನವ್ವ?"

"ಇಲಿಗೆ ಆಣೆ ಯಾಕತ್ತೆ?"

"ಅದೇ ನಾನೂ ಯೋಳೋದು" ಎಂದು ಈಗ ತಟ್ಟೆ ಕೆಳಗಿಟ್ಟಳು. "ಪಂಜರದಾಗೆ ನೀನು ಮಾತ್ರೆ ಹಾಕಿದ್ರೆ ತಿಂತದೆ, ಹಾಕ್ದಿದ್ರೆ ಇಲ್ಲ. ಮನುಸ ಹಂಗಲ್ಲ. ಸೊಂಟನೋವು ಬಂದ್ರೆ ಓಡೋಗಿ ತಗತ್ತಾನೆ. ಬರೀ ಬಾಯಲ್ಲಿ ಬುಡು ಅಂದ್ರೆ ಯಾವನ್ ಬುಟ್ಟಾನು? ಸೊಪ್ಪು ಮುಟ್ಟಿ ಆಣೆ ಮಾಡವ್ನೆ ಅಂತ ಹೆದ್ರುಕಂಡು ಬುಡ್ತಾನೆ. ಇದ ನಿನ್ ಇಲೀಲಿ ಎಂಗ್ ನೋಡ್ದೆ?"

ನೋಡಿರಲಿಲ್ಲ. ನೋಡುವ ದಾರಿಯೂ ಇರಲಿಲ್ಲ. ಸೊಪ್ಪಿನ ಹೆಸರನ್ನು ನಾನು ಇಲ್ಲಿ ಬರೆಯದಿರುವುದು ಇದಕ್ಕೇ, ಗುಟ್ಟು ಒಡೆದರೆ ಆಣೆಯ ಹೆದರಿಕೆಯೂ ಹೋಗುತ್ತದೆ. ಎರಡು ವರ್ಷ ಓದಿದ ಪುಸ್ತಕದಲ್ಲಿ ಯಾರೂ ನನ್ನನ್ನು ಇಷ್ಟು ಸರಿಯಾಗಿ ಹಿಡಿದು ನಿಲ್ಲಿಸಿರಲಿಲ್ಲ. ನನಗೆ ಹೆಮ್ಮೆಯೂ ಆಯಿತು, ಸಿಟ್ಟೂ ಬಂತು.

"ನೋಡಿಲ್ಲ" ಎಂದೆ. "ಆದ್ರೂ ಸೊಪ್ಪು ಹುಣ್ಣು ಮಾಯಿಸ್ತದೆ ಅಂತ ನಾನು ಬರಿಯಕ್ಕಿಲ್ಲ ಅತ್ತೆ. ನೀನು ಕೇಳಿದ್ರೂ ಬರಿಯಕ್ಕಿಲ್ಲ."

ಅವಳು ಒಳಗೆ ಹೋದಳು. ಅದಾದ ಮೇಲೆ ಎರಡು ಭಾನುವಾರ ಜಗಲಿಯ ಬಾಗಿಲು ಹಾಕಿತ್ತು. ಬಂದವರು ಸ್ವಲ್ಪ ಹೊತ್ತು ಕಾದು ಹೋದರು. ಅಪ್ಪ ನನ್ನ ಮೇಲೆ ರೇಗಿದರು, "ಓದಿ ಉದ್ಧಾರ ಮಾಡ್ಬುಟ್ಟೆ, ಅಕ್ಕನ್ ಬಾಯಿ ಮುಚ್ಚಿಸ್ದೆ" ಎಂದರು. ನಾನು ಊಟದ ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋದೆ. ತಪ್ಪು ಮಾಡಿದೆ ಎಂದು ಮಾತ್ರ ಹೇಳಲಿಲ್ಲ. ಪ್ರಬಂಧದಲ್ಲಿ ಇದ್ದದ್ದನ್ನು ಇದ್ದಂತೆ ಬರೆದೆ. ಮೊದಲ ಪ್ರಯೋಗ ಯಾಕೆ ಕೆಟ್ಟಿತು ಎನ್ನುವುದಕ್ಕೆ ಒಂದು ಪುಟ ಕೊಟ್ಟೆ, ಅದರಲ್ಲಿ ರಾಗಿ ಹುಲ್ಲು ಎಂದೇ ಬರೆದೆ. ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದಿದ್ದವರು ಪುಟ ತಿರುಗಿಸಿ ತಿರುಗಿಸಿ, "ಕೊನೆಗೆ ಏನೂ ಸಿಗಲಿಲ್ಲವಲ್ಲಮ್ಮ" ಎಂದರು. "ಸಿಕ್ಕಿದೆ ಸರ್, ನಾವು ಹುಡುಕಿದ್ದು ಸಿಗಲಿಲ್ಲ ಅಷ್ಟೇ" ಎಂದೆ. ಪಾಸು ಮಾಡಿದರು. ಬಹುಮಾನದ ಅಂಕವೇನೂ ಕೊಡಲಿಲ್ಲ. ನಮ್ಮ ಸರ್ ಮಾತ್ರ ಆ ಪುಟವನ್ನು ಈಗಲೂ ಹೊಸ ವಿದ್ಯಾರ್ಥಿಗಳಿಗೆ ಓದಿಸುತ್ತಾರಂತೆ.

ಜಗಲಿ ಮುಚ್ಚಿದ್ದ ಆ ಎರಡು ವಾರ ಕಳೆದು ಮೂರನೆಯ ಭಾನುವಾರ ಎದ್ದು ಹೊರಗೆ ಬಂದರೆ ಜಗಲಿಯ ಬಾಗಿಲು ತೆರೆದಿತ್ತು. ಅತ್ತೆ ಸ್ನಾನ ಮಾಡಿ ಕೂತಿದ್ದಳು. ಮಡಿಲಲ್ಲಿ ಸೊಪ್ಪು. ಮತ್ತೆ ಅದೇ ಎಂದುಕೊಂಡೆ. ಎದುರಿಗೆ ಬೈರಾಪಟ್ಟಣದ ರೈತನೊಬ್ಬ ಪೂರ್ವಕ್ಕೆ ಮುಖ ಮಾಡಿ ಕೂತಿದ್ದ. ಅವಳು ನನ್ನ ಕಡೆ ನೋಡಲಿಲ್ಲ. ಆದರೆ ನನಗೆ ಕೇಳಲಿ ಎಂದೇ ದನಿ ಏರಿಸಿದಳು.

"ನೋಡಪ್ಪ. ಈ ಸೊಪ್ಪು ಹುಣ್ಣು ಮಾಯಿಸಕ್ಕಿಲ್ಲ. ನಮ್ ಮಗ ನೋಡವ್ಳೆ. ಮಾತ್ರೆ, ಹೆಂಡ, ಹೊಗೆಸೊಪ್ಪು ಬುಟ್ರೆ ನಿನ್ ಹೊಟ್ಟೆನೇ ಮಾಯಿಸ್ಕತದೆ. ಮೂರು ವಾರ್ದಾಗೆ ಆಗ್ನಿಲ್ಲ ಅಂದ್ರೆ ಒಳಗೆ ಹುಳ ಐತೆ ಅಂತ, ಆಸ್ಪತ್ರೇಲಿ ಪರೀಕ್ಸೆ ಮಾಡುಸ್ಕೊ. ಗೊತ್ತಾಯ್ತಾ? ಈಗ ಮುಟ್ಟಿ ಆಣೆ ಮಾಡು."

ಅವನು ಗೊಂದಲದಿಂದಲೇ ಸೊಪ್ಪು ಮುಟ್ಟಿ ಆಣೆ ಮಾಡಿದ. ಜೇಬಿನಿಂದ ತಾನೇ ಮಾತ್ರೆ ಪಟ್ಟಿ ತೆಗೆದು ಅವಳ ಕೈಗೆ ಕೊಟ್ಟ. ಆಮೇಲೆ ಉಂಡೆಗಾಗಿ ಬಾಯಿ ತೆರೆದು ಕೂತ.

"ಔಸ್ತಿ ಕೊಡವ್ವ" ಎಂದ.

"ಕೊಟ್ಟಾಯ್ತು, ಎದ್ದೋಗು" ಎಂದು ಅತ್ತೆ ಎದ್ದಳು. ಸೊಪ್ಪನ್ನು ಹಿತ್ತಲಿಗೆ ತೆಗೆದುಕೊಂಡು ಹೋಗಿ ಮೇಕೆಯ ಮುಂದೆ ಹಾಕಿದಳು.